ಹದಿನೆಂಟನೆಯ ದಿನದವರೆಗೆ

ಫಿಲೋಮಿನಕ್ಕನ ಮೊಟ್ಟೆಗಳಿಗೆ
ಒಂದು ಕಡೆ ಗುಣಿಸು, ಇನ್ನೊಂದು ಕಡೆ ಸೊನ್ನೆ,
ಪೆನ್ಸಿಲಿನಲ್ಲಿ.
ರಾತ್ರಿ ಹತ್ತಕ್ಕೆ ಗುಣಿಸು ಮೇಲೆ, ಎರಡಕ್ಕೆ ಸೊನ್ನೆ,
ಬೆಳಗಿನ ಆರಕ್ಕೆ ಮತ್ತೆ ಗುಣಿಸು.
ಗೋಪಾಳದ ಕೊನೆಯ ಬಸ್ಸು ಹೋದ ಮೇಲೂ
ಆ ಶೆಡ್ಡಿನಲ್ಲಿ ಟಾರ್ಚು ಓಡಾಡುತ್ತಿತ್ತು.

"ನೀನು ಐಟಿಐ ಓದಿದವಳಲ್ಲವಾ," ಅಂದಳು ಒಂದು ದಿನ,
"ಈ ತಟ್ಟೆಗೊಂದು ಮೋಟಾರು ಕಟ್ಟಿಕೊಡು.
ತಾಯಿ ಕೋಳಿ ನಿದ್ದೆಗಣ್ಣಲ್ಲೇ ಕೊಕ್ಕಿನಿಂದ ಹೊರಳಿಸುತ್ತೆ.
ನನಗೆ ಕೊಕ್ಕೂ ಇಲ್ಲ, ನಿದ್ದೆಯೂ ಇಲ್ಲ."

ಮಕ್ಬೂಲ್ ಸಾಬರ ಗುಜರಿಯಲ್ಲಿ ಸಿಕ್ಕಿತು
ಹಳೇ ಮೆಟಡಾರಿನ ವೈಪರ್ ಮೋಟಾರು,
ಆಗುಂಬೆ ಘಾಟಿಯಲ್ಲಿ ಇಪ್ಪತ್ತು ವರ್ಷ ಗಾಜು ಒರೆಸಿದ್ದು.
ಎರಡು ತುದಿ ಬ್ಯಾಟರಿಗೆ ಮುಟ್ಟಿಸಿದರು ಸಾಬರು.
ಕೆಮ್ಮಿತು, ತಿರುಗಿತು,
ಬೆಂಚಿನಿಂದ ಹಾರಿಬೀಳಲು ನೋಡಿತು.
"ಹಸಿವಿದೆ ಇದಕ್ಕೆ. ಕಡಿಮೆ ಹಾಕಿದರೆ ಏಳಲ್ಲ.
ದುಡ್ಡು ಬೇಡ, ಹುಂಜ ಬಂದರೆ ಒಂದು ನನಗೆ."

ನನ್ನ ಕೈಯಲ್ಲಿದ್ದದ್ದು
ಬೆಂಕಿಪೊಟ್ಟಣಕ್ಕಿಂತ ಸಣ್ಣ ಬೋರ್ಡು.
ಹೊತ್ತು ಗೊತ್ತು ಅದಕ್ಕೆ, ಲೆಕ್ಕ ಗೊತ್ತು,
ಆದರೆ ಪಿನ್ನಿನ ಮಾತು ಮೂರು ಚಿಲ್ಲರೆ ವೋಲ್ಟು,
ಒಂದು ಎಲ್‌ಇಡಿ ಮಿಣುಕಿಸುವಷ್ಟು ಉಸಿರು.

ಮೊದಲನೇ ಬೋರ್ಡನ್ನು ನಾನೇ ಕೊಂದೆ.
ಅವಸರಕ್ಕೆ ಮೋಟಾರನ್ನು ನೇರ ಪಿನ್ನಿಗೇ ಕಟ್ಟಿದೆ.
ಅದು ಅಲುಗಲಿಲ್ಲ.
ಬೆರಳಿಟ್ಟರೆ ಚಿಪ್ಪು ಸುಡುತ್ತಿತ್ತು.

ಗಾಜನೂರಿನಲ್ಲಿ ಗೇಟು ಎತ್ತುವವನನ್ನು ನೋಡಿದ್ದೇನೆ.
ತುಂಗೆಯನ್ನು ಅವನು ಹೊರುವುದಿಲ್ಲ.
ಬೀಡಿ ಕಚ್ಚಿಕೊಂಡೇ ಒಂದು ಗುಂಡಿ ಒತ್ತುತ್ತಾನೆ,
ಹೊಳೆ ತನ್ನ ಭಾರ ತಾನೇ ಹೊತ್ತು ಹೋಗುತ್ತದೆ.

ನಡುವೆ ಮೂರು ಕಾಲಿನ ಮಾಸ್‌ಫೆಟ್ ಕೂರಿಸಿದೆ.
ಅದರ ಒಂದು ಕಾಲಿನ ಹೆಸರೂ ಗೇಟೇ.
ಮೊದಲು ತಂದದ್ದು ಹತ್ತು ವೋಲ್ಟಿಗೆ ಬಾಯಿ ಬಿಡುವ ಜಾತಿ;
ಮೂರಕ್ಕೆ ಅರ್ಧ ತೆರೆದು ಒಳಗೊಳಗೇ ಬೆಂದಿತು.
ಪೂರ್ತಿ ಮುಚ್ಚಿದ್ದು ಬಿಸಿಯಾಗದು, ಪೂರ್ತಿ ತೆರೆದದ್ದೂ ಅಷ್ಟೇ.
ಒಂದು ಸಂಬಂಧಕ್ಕೆ ಅರ್ಧ ಹೂಂ ಅಂದ ವರ್ಷ
ನಾನೂ ಹೀಗೇ ಕಾದಿದ್ದೆ.

ಎರಡನೆಯದು ಸಣ್ಣ ದನಿಗೂ ಪೂರ್ತಿ ತೆರೆಯುವಂಥದ್ದು.
ಎಲ್ಲ ಸರಿಯಿತ್ತು. ಆದರೂ ತಟ್ಟೆ ಮಿಸುಕಲಿಲ್ಲ.
ಬೋರ್ಡಿಗೆ ಮೊಬೈಲಿನ ಚಾರ್ಜರು, ಮೋಟಾರಿಗೆ ಸ್ಕೂಟರಿನ ಬ್ಯಾಟರಿ,
ಇಬ್ಬರೂ ತಮ್ಮ ತಮ್ಮ ನೆಲದ ಮೇಲೆ ನಿಂತಿದ್ದರು.
ಇವನ ಮೂರು ಅವನಿಗೆ ಎಲ್ಲಿಂದ ಮೂರು?
ಯಾವ ಸೊನ್ನೆಯಿಂದ ಎಣಿಸಬೇಕು ಅವನು?
ಗೇಣುದ್ದದ ಕಪ್ಪು ವೈರು ಕತ್ತರಿಸಿ
ಎರಡು ಸೊನ್ನೆಗಳನ್ನು ಒಂದು ಮಾಡಿದೆ.

ವಾಲಿತು ತಟ್ಟೆ.
ನಲವತ್ತೆಂಟು ಮೊಟ್ಟೆ, ಒಟ್ಟಿಗೆ, ಬಸ್ಸಿನಲ್ಲಿ ತೂಕಡಿಸುವವರ ಹಾಗೆ.
ಫಿಲೋಮಿನಕ್ಕ ಶಿಲುಬೆ ಗೀಚಿಕೊಂಡಳು.

ನಿಲ್ಲಿಸಿದಾಗ ಮಾತ್ರ ಬೋರ್ಡು ಬೆಚ್ಚಿ
ಎಲ್ಲ ಮರೆತು ಒಂದರಿಂದ ಎಣಿಸತೊಡಗಿತು.
"ಓಡುವ ಎತ್ತನ್ನು ಒಮ್ಮೆಲೇ ಜಗ್ಗಿದರೆ
ಹಗ್ಗ ಹಿಡಿದವನೇ ಬೀಳೋದು," ಅಂದರು ಸಾಬರು.
"ಸಿಟ್ಟು ಇಳಿಯೋವರೆಗೆ ಅಲ್ಲೇ ಸುತ್ತಲಿ ಬಿಡು."
ಮೋಟಾರಿಗೆ ಅಡ್ಡಲಾಗಿ ಒಂದು ಡಯೋಡು,
ಬೆಳ್ಳಿ ಗೀರು ಪ್ಲಸ್ಸಿನ ಕಡೆಗೆ.
ಎರಡು ರೂಪಾಯಿಯ ಮಾಲು.

ಹದಿನೆಂಟನೆಯ ದಿನ ಹೊರಳಿಸುವುದು ನಿಲ್ಲಬೇಕು,
ಆಮೇಲೆ ಮರಿ ತಾನೇ ತಲೆಗೆ ಜಾಗ ಹುಡುಕಿಕೊಳ್ಳುತ್ತದಂತೆ.
ಪ್ರೋಗ್ರಾಮಿನ ಕೊನೆಯ ಸಾಲು ಅದು.
ಪಿನ್ನು ಸೊನ್ನೆಗಿಳಿಯಿತು.

ಆದರೂ ರಾತ್ರಿ ಎರಡಕ್ಕೆ ಶೆಡ್ಡಿನಲ್ಲಿ ಟಾರ್ಚು.
"ಅಭ್ಯಾಸ ಕಣೇ," ಅಂದಳು, ನಾಚಿಕೊಂಡು.
ಇಪ್ಪತ್ತನೆಯ ರಾತ್ರಿ ನನ್ನನ್ನೂ ಎಬ್ಬಿಸಿ
ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದಳು.

ಟಕ್.

ಎಷ್ಟು ವೋಲ್ಟೋ.

ಮತ್ತೆ ಟಕ್,
ನೇರ ಚಿಪ್ಪಿಗೇ,
ನಡುವೆ ಏನೂ ಇಲ್ಲದೆ.